ಮೂವತ್ತೈದು ಇಂಚಿನ ಟಾಯರು

ಗಾಡಿಯ ಅಳತೆ ನೋಡುವ ಮೊದಲು ಅದು ಹೋಗುವ ದಾರಿಯನ್ನು ಕೇಳಬೇಕು. ಕಪನೂರಿನ ತನ್ನ ಟಾಯರು ಅಂಗಡಿಯಲ್ಲಿ ಖಮರುದ್ದೀನ ಇಪ್ಪತ್ತೆರಡು ವರ್ಷ ಪಾಲಿಸಿಕೊಂಡು ಬಂದ ನಿಯಮವಿದು. ದಾರಿ ಹೇಳದವನ ಗಾಡಿಗೆ ಅವನು ನಟ್ಟು ಬಿಚ್ಚುವ ಪಾನಾ ಮುಟ್ಟಿಸುತ್ತಿರಲಿಲ್ಲ.

ಕಮಲಾಪುರದ ಅಜಿತ ಏನನ್ನೂ ಮುಚ್ಚಿಡಲಿಲ್ಲ. ಸ್ಪ್ರಿಂಗು ಬದಲಿಸಿ ಎರಡು ಇಂಚು ಎತ್ತರಿಸಿದ ಜೀಪು, ಹಿಂದೆ ರಿಮ್ಮಿಗೆ ಹಾಕಿಸಿ ತಂದ ಮೂವತ್ತೈದು ಇಂಚಿನ ನಾಲ್ಕು ಹೊಸ ಟಾಯರು, ಪಕ್ಕದಲ್ಲಿ ಅವನ ಆಳು ದೌಲಪ್ಪ.

"ಎಲ್ಲಿಗೆ ಹೊಂಟದರಿ ಗಾಡಿ?"

"ನಮ್ಮೂರ ನೀಲಗಂಗಮ್ಮನ ಬಾಳಿ ತ್ವಾಟಕ್ಕ. ಹಾದಿ ಬಿಡು ಅಂದ್ರ ಸುತ್ತ ಕಂದಕ ಹೊಡಿಸ್ಯಾಳ. ಕೋರ್ಟಿನಾಗ ಆಕೀನೇ ಗೆದ್ದಾಳ. ಅದಕ್ಕ ಕೋರ್ಟಿಗಿಂತ ದೊಡ್ಡ ಗಾಲಿ ತಂದೀನಿ."

ದೌಲಪ್ಪ ನಕ್ಕ. ಖಮರುದ್ದೀನ ನಗಲಿಲ್ಲ. ಮುಂದಿನ ಎಡಗಾಲಿ ಬಿಚ್ಚಿ ಹೊಸದನ್ನು ಎರಡೇ ನಟ್ಟಿನಲ್ಲಿ ನಿಲ್ಲಿಸಿ, ಅದನ್ನು ಮರದ ದಿಮ್ಮಿಯ ಮೇಲೇರಿಸಿ, ಸ್ಟೇರಿಂಗನ್ನು ಪೂರ್ತಿ ತಿರುಗಿಸಿದ.

"ನೋಡ್ರಿ, ಟಾಯರಿನ ಹಲ್ಲು ಬ್ರೇಕಿನ ಪೈಪಿಗೆ ಹತ್ತಾಕತ್ತದ. ಸಪಾಟ ರಸ್ತಾದಾಗ ಗೊತ್ತಾಗಂಗಿಲ್ಲ. ಕಂದಕಕ್ಕ ಇಳಿಸಿ ತಿರುವಿದ್ರ ಪೈಪು ಹರೀತದ. ಈ ಎತ್ತರಕ್ಕ ಮೂವತ್ತೊಂದು ಇಂಚೇ ಕಡೀದು. ಮತ್ತ ಈ ಕೆಲಸಕ್ಕಾದ್ರ ನಾ ಸೈಕಲ್ ಟಾಯರ್ ಸುದ್ದಾ ಹಾಕಂಗಿಲ್ಲ."

"ಪಂಚರ್ ಹಚ್ಚಾವ ನನಗ ನ್ಯಾಯ ಹೇಳ್ತಿಯೇನಲೇ?"

ಅಜಿತನ ಮೊದಲ ಏಟು ಕಪಾಳಕ್ಕೆ ಬಿತ್ತು. ಎರಡನೆಯದಕ್ಕೆ ಖಮರುದ್ದೀನ ನೆಲಕ್ಕುರುಳಿದ. ದೌಲಪ್ಪ ಅವನ ಬೆನ್ನಿನ ಮೇಲೆ ಮೊಣಕಾಲೂರಿ ಕುಳಿತ. ಅಜಿತ ಅಲ್ಲಿಯೇ ಬಿದ್ದಿದ್ದ ಪಾನಾ ಎತ್ತಿ ಬಲಗೈ ಮಣಿಕಟ್ಟಿನ ಮೇಲೆ ಹೊಡೆದ. ಎಲುಬು ಮುರಿದ ಸದ್ದು ಎದುರಿನ ಅಂಗಡಿಗಳವರೆಗೂ ಕೇಳಿಸಿತು. ಅಲ್ಲಿ ಏಳು ಮಂದಿ ನಿಂತು ನೋಡುತ್ತಿದ್ದರು. ಏಳು ಮಂದಿಗೆ ಹದಿನಾಲ್ಕು ಕೈಗಳಿದ್ದವು, ಒಂದೂ ಮೇಲೇಳಲಿಲ್ಲ. ಕೋರ್ಟಿನ ತೀರ್ಪು ಗೊತ್ತಿದ್ದವನೇ ಅದನ್ನು ತುಳಿಯಲು ಹೊರಟಾಗ ಊರು ಸುಮ್ಮನಿದ್ದರೆ, ಆ ಪಾನಾ ಹಿಡಿದ ಕೈಯಲ್ಲಿ ಊರಿನ ಕೈಯೂ ಸೇರಿದಂತೆಯೇ.

ನಾಲ್ಕೂ ಟಾಯರನ್ನು ತಾವೇ ಬಿಗಿದುಕೊಂಡು ಇಬ್ಬರೂ ಕಮಲಾಪುರಕ್ಕೆ ಹೋಗುವ ಹುಮನಾಬಾದ ರಸ್ತೆ ಹಿಡಿದರು.

ಪೈಪು ಹರಿಯಲಿ, ಹರಿದು ಸಾಯಲಿ ಎಂದು ಖಮರುದ್ದೀನನ ಮನಸ್ಸು ಬಯಸಿತು. ಅಜಿತ ಸತ್ತರೆ ತಾನು ಅಳುವವನಲ್ಲ. ಆದರೆ ಬ್ರೇಕಿಲ್ಲದ ಆ ಗಾಡಿಯ ಮುಂದೆ ಕಂದಕದ ದಡದಲ್ಲಿ ನಿಲ್ಲುವವಳು ನೀಲಗಂಗಮ್ಮ. ಅದು ಹೊಳೆದೊಡನೆ ಅವನು ಎದ್ದ.

ಸುದ್ದಿ ಕೇಳಿ ಓಡಿಬಂದ ಹೆಂಡತಿ ಮೆಹರುನ್ನಿಸಾ ಮುರಿದ ಕೈಗೆ ದುಪಟ್ಟಾ ಬಿಗಿದಳು. "ಮೊದಲ ದವಾಖಾನಿಗೆ ನಡೀರಿ."

"ಮೊದಲ ಕಮಲಾಪುರ."

"ಹೊಡಿಸ್ಕೊಂಡದ್ದು ಸಾಲದೇನು ನಿಮಗ?" ಎನ್ನುತ್ತಲೇ ಅವಳು ಸ್ಕೂಟಿ ಚಾಲೂ ಮಾಡಿದಳು.

ಅಜಿತ ದಾರಿಯಲ್ಲಿ ಊಟಕ್ಕೆ ನಿಂತದ್ದರಿಂದ ಇವರೇ ಮೊದಲು ತಲುಪಿದರು. ಕೆಂಪು ಬಾಳೆಯ ಗೊನೆಗಳು ಕಟಾವಿಗೆ ಬಂದಿದ್ದವು. ನೀಲಗಂಗಮ್ಮ ಕುಡಗೋಲು ಹಿಡಿದು ದಡದ ಮೇಲಿದ್ದಳು. ಖಮರುದ್ದೀನ ತಾನು ಯಾರು, ಏನು ನಡೆಯಿತು ಎಂದೆಲ್ಲ ಹೇಳಿ ಬೇಡಿಕೊಂಡ: "ಸರೀರಿ ಅವ್ವಾರ. ಗಾಡಿ ನಿಂದ್ರಂಗಿಲ್ಲ."

"ನಾ ಸರದ್ರ ಇವತ್ತಿಗೇ ಇದು ಹಾದಿ ಆಗ್ತದಪ್ಪ. ಗಾಡಿ ನಿಂದ್ರಲಿಲ್ಲಂದ್ರ ನಾ ನಿಂದ್ರತೀನಿ."

ಅಷ್ಟರಲ್ಲಿ ಜೀಪು ಬಂತು. ಖಮರುದ್ದೀನ ಎಡಗೈ ಬೀಸಿ ಅಡ್ಡ ಓಡಿದ. ಅಜಿತ ಅವನನ್ನು ಬಂಪರಿನಿಂದ ತಳ್ಳಿ ಕೆಡವಿ, ಸ್ಟೇರಿಂಗನ್ನು ಪೂರ್ತಿ ಎಡಕ್ಕೆ ಎಳೆದು ಕಂದಕಕ್ಕೆ ಇಳಿಸಿದ. ಮುಂಗಾಲಿ ಒಳಗೆ ಕುಸಿದು, ಗುದ್ದಿ, ಮೇಲೆದ್ದಿತು. ಮೆಹರುನ್ನಿಸಾ ನೀಲಗಂಗಮ್ಮನ ತುರುಬು ಹಿಡಿದೆಳೆದು ಬದಿಗೆ ಬಿದ್ದಳು. ಜೀಪು ಮೂರು ಸಾಲು ಬಾಳೆಯನ್ನು ಕಡಿದು ಕೆಡವಿತು. ಗೊನೆಗಳು ಒಡೆದು ಸಿಡಿದವು. ಗಾಡಿ ತಿರುಗಿಸಲು ಅಜಿತ ಬ್ರೇಕು ತುಳಿದ. ಬ್ರೇಕಿರಲಿಲ್ಲ. ಬಾವಿಯ ಕಲ್ಲುಕಟ್ಟೆಗೆ ಅಪ್ಪಳಿಸಿದ ರಭಸಕ್ಕೆ ದೌಲಪ್ಪನ ಹಣೆ ಸೀಳಿತು, ಅಜಿತ ಹೊರಗೆ ಎಸೆಯಲ್ಪಟ್ಟ. ಹಿಂದಕ್ಕೆ ಉರುಳಿದ ಗಾಡಿಯ ದೊಡ್ಡ ಗಾಲಿ ಅವನ ತೊಡೆಯನ್ನು ಅರೆದು, ಅದರ ಮೇಲೆಯೇ ನಿಂತಿತು.

ನೀಲಗಂಗಮ್ಮ ನಡೆದು ಬಂದು ಅವನ ಕೊರಳ ಮೇಲೆ ಕುಡಗೋಲು ಎತ್ತಿದಳು. ಅಷ್ಟರಲ್ಲಿ ಕಂದಕ ದಾಟಿ ತೆವಳಿ ಬಂದಿದ್ದ ಖಮರುದ್ದೀನ ನಡುವೆ ಬಿದ್ದ. ಏಟು ಅವನ ಭುಜವನ್ನು ಸೀಳಿತು.

"ನಿನ್ನ ಕೈ ಮುರದಾವನ್ನ ಉಳಸ್ತಿ?" ಎಂದಳು ಅವಳು.

"ಇವ ಸತ್ರ ನೀವು ಜೇಲಿಗೆ, ಇವನ ಮನಿಯವರು ತ್ವಾಟಕ್ಕ. ಇವ ಬದಕಬೇಕರಿ. ಕಟಕಟಿಯೊಳಗ ನಿಂತು ಜವಾಬು ಕೊಡಬೇಕು."

ಅವಳು ಬಿದ್ದ ಬಾಳೆಗಳನ್ನು ನೋಡಿದಳು. "ಇವು ಎದ್ದು ನಿಂದ್ರತಾವೇನು?"

"ಇಲ್ರಿ."

ಅವಳು ಕುಡಗೋಲು ಕೆಳಗಿಟ್ಟಳು. "ಗಾಡ್ಯಾಗಿನ ಜಾಕ್ ಎಲ್ಲಿ ಹಚ್ಚಬೇಕು, ಹೇಳು. ನಿನಗ ಕೈ ಇಲ್ಲ."

ಖಮರುದ್ದೀನ ಹೇಳಿದ, ಅವಳು ತಿರುವಿದಳು. ಗಾಲಿ ಮೇಲೇಳುತ್ತಿದ್ದಂತೆ ಅಜಿತ ಹಲ್ಲುಕಚ್ಚಿ ನರಳಿದ: "ಚಾಚಾ... ಪೊಲೀಸರಿಗೆ ಬ್ರೇಕ್ ತಾನೇ ಫೇಲಾತು ಅಂತ ಹೇಳು."

"ಹೇಳಂಗಿಲ್ಲ," ಎಂದ ಖಮರುದ್ದೀನ. "ಕಾಲು ಎಳಕೋ."