ಆಲೆಮನೆ ಇದ್ದ ಜಾಗ

ಹೇಮಾವತಿ ಲಿಸ್ಬನ್ನಿನಿಂದ ಬಂದದ್ದು ಆಲೆಮನೆ ನೋಡಲು. ಬಾಯಲ್ಲಿ ಮಾತ್ರ ಅಣ್ಣನನ್ನು ನೋಡಬೇಕು ಅಂದಿದ್ದಳು, ಅದೂ ಸುಳ್ಳೇನಲ್ಲ. ಆದರೆ ಆ ದೂರದೇಶದಲ್ಲಿ ಹನ್ನೊಂದು ವರ್ಷ ಅವಳಿಗೆ ಅನ್ನ ಹಾಕಿದ್ದು ತೊಣ್ಣೂರು ದಾರಿಯ ಆ ಆಲೆಮನೆಯೇ. ಅಪ್ಪ ಬೆಲ್ಲ ಕಾಯಿಸುತ್ತಿದ್ದ ಕೊಪ್ಪರಿಗೆ, ಹೊಗೆ, ಗರಿಯ ಸೂರು, ಇವುಗಳ ಚಿತ್ರವನ್ನೇ ಬರೆದೂ ಬರೆದೂ ಹೆಸರಾದಳು. ಪ್ಯಾರಿಸ್ಸಿನಲ್ಲಿ ಚಿತ್ರ ಇಟ್ಟರೂ ಅದನ್ನೇ ಕೇಳುವರು, ವಾರ್ಸಾದಲ್ಲಿ ಇಟ್ಟರೂ ಅದನ್ನೇ. ಬೇರೇನಾದರೂ ಬರೆದಳೋ, ಮುಖ ತಿರುಗಿಸುವರು. ಈಚೆಗೆ ನೆನಪೇ ಕೈಕೊಡುತ್ತಿತ್ತು. ಕುದಿಯುವ ಕಬ್ಬಿನ ರಸ ಪಾಕಕ್ಕೆ ತಿರುಗುವ ಗಳಿಗೆಯಲ್ಲಿ ನೊರೆಗೆ ಯಾವ ಬಣ್ಣ ಬರುತ್ತದೆ? ಎಷ್ಟು ಕಲಸಿದರೂ ಸಿಗಲಿಲ್ಲ. ಒಮ್ಮೆ ಕಣ್ಣಾರೆ ನೋಡಿ ಬರೋಣ ಎಂದು ತೊಂಬತ್ತಾರರ ಚಳಿಗಾಲದಲ್ಲಿ ಹೊರಟುಬಂದಳು. ವಾಪಸು ಟಿಕೆಟ್ಟು ಬರುವ ಬೇಸ್ತವಾರಕ್ಕಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ.

ಊರು ಸೇರಿದ ಮಾರನೇ ಬೆಳಿಗ್ಗೆ ಅಣ್ಣ ನಿಂಗರಾಜು ಗದ್ದೆ ಕಡೆ ಕರೆದುಕೊಂಡು ಹೋದ. ಅಲ್ಲಿ ಸುಣ್ಣ ಬಳಿದ ಹೊಸ ಆರ್‌ಸಿಸಿ ಕೋಣೆ ನಿಂತಿತ್ತು. ಬಾಗಿಲಿಗೆ ಮಾವಿನ ತೋರಣ, ಒಳಗೆಲ್ಲ ನೆಂಟರು.

"ಇದು ನಿಂದು ಕಣವ್ವ. ಚಿತ್ರ ಬರ್ಯಾಕೆ ಅಂತ್ಲೇ ಕಟ್ಸಿವ್ನಿ. ಇನ್ನ ದೇಸ ದೇಸ ಅಲೀಬ್ಯಾಡ."

"ಆಲೆಮನೆ ಎಲ್ಲಣ್ಣ?"

"ಇದೇ ಜಾಗ ಅಲ್ವಾ! ಕೆಡವ್ಬುಟ್ಟೆ. ಕಬ್ಬನ್ನ ಈಗ ಫ್ಯಾಕ್ಟ್ರಿಗೆ ಹೊಡೀತೀನಿ."

ಅಣ್ಣಂದಿರ ಪ್ರೀತಿಯೇ ಇಂಥದ್ದು. ಬೇಕೋ ಬೇಡವೋ ಅಂತ ಕೇಳುವ ಗೊಡವೆಗೇ ಹೋಗುವುದಿಲ್ಲ, ತಂದು ತಲೆ ಮೇಲೆ ಇಟ್ಟುಬಿಡುತ್ತಾರೆ. ಸೀಮೆಯಲ್ಲಿ ಬೇರೆ ಆಲೆಮನೆಗಳಿಗೇನೂ ಬರವಿರಲಿಲ್ಲ. ಆದರೆ ಅವುಗಳಲ್ಲಿ ಅಪ್ಪ ನಿಂತಿರಲಿಲ್ಲ.

ಹೇಮಾವತಿ ಕೋಣೆಯೊಳಗೆ ಹೋದಳು. ಕಳ್ಳಕಾಕರ ಭಯಕ್ಕೆ ಅಣ್ಣ ಕಿಟಕಿಗಳಿಗೆಲ್ಲ ಬೆರಳು ಗಾತ್ರದ ಕಂಬಿ ಹಾಕಿಸಿದ್ದ. ನಡುವೆ ಮೂರು ಇಟ್ಟಿಗೆಯ ಒಲೆ, ಅದರ ಮೇಲೆ ಹೊಸ ಪಾತ್ರೆ, ಹಾಲು. ಹಾಲು ಉಕ್ಕಿಸಿದವಳೇ ಆ ಮನೆಯ ಒಡತಿ, ಅದು ಅಲ್ಲಿದ್ದ ಎಲ್ಲರಿಗೂ ಗೊತ್ತು. ಅತ್ತಿಗೆ ಮಂಚಮ್ಮ ಬೆಂಕಿಪೊಟ್ಟಣ ಹಿಡಿದು ಕಾಯುತ್ತಿದ್ದಳು.

"ಕೆಡ್ವಾಕೆ ಮುಂಚೆ ನನ್ನ ಒಂದ್ ಮಾತ್ ಕೇಳ್ಬಾರ್ದಾಗಿತ್ತಾ, ಅಣ್ಣಾ?"

ನಿಂಗರಾಜುವಿಗೆ ನಿಜಕ್ಕೂ ಆಶ್ಚರ್ಯವಾಯಿತು. ಗೋಡೆಯತ್ತ ಕೈ ತೋರಿಸಿದ. ಅವಳು ವರ್ಷ ವರ್ಷ ಕಳಿಸಿದ್ದ, ಅವಳ ಚಿತ್ರಗಳು ಅಚ್ಚಾಗಿದ್ದ ಪ್ರದರ್ಶನದ ಕಾರ್ಡುಗಳನ್ನೆಲ್ಲ ಕಟ್ಟು ಹಾಕಿಸಿ ಸಾಲಾಗಿ ತೂಗುಹಾಕಿದ್ದ.

"ನೋಡು, ಅಪ್ಪಯ್ಯನ್ನ, ಕೊಪ್ಪರಿಗೇನ, ಒಂದೂ ಬುಡ್ದಂಗೆ ಬರ್ದಿದ್ದೀಯ. ಕಣ್ಮುಂದೆ ಇಲ್ದೇನೇ ಇಂಗೆ ಬರ್ಯೋಳ್ಗೆ ಆ ಹಳೇ ಸೂರು ಯಾಕ್ ಬೇಕು ಅನ್ನುಸ್ತು. ಕೆಡ್ವಾಕೆ ಕೈ ಬರ್ತಿರ್ನಿಲ್ಲ ಕಣವ್ವ. ಈ ಚಿತ್ರ ನೋಡೇ ಧೈರ್ಯ ಬಂತು."

ಹೀಗಂದವನನ್ನು ಬಯ್ಯುವುದಾದರೂ ಹೇಗೆ? ಸಿಟ್ಟು ಬಂದಿತ್ತು, ಅಳು ಬಂದಿತ್ತು, ಎರಡಕ್ಕೂ ಹೊರಗೆ ದಾರಿಯಿರಲಿಲ್ಲ. ಹೇಳಿಯೇ ಬಿಡೋಣವೆಂದು ಉಸಿರೆಳೆದುಕೊಂಡಳು.

"ಬೇಸ್ತವಾರ ನಾನು..."

"ಬೇಸ್ತವಾರ ಬೋ ಒಳ್ಳೇ ದಿನ. ಅವತ್ತೇ ಸುರು ಮಾಡ್ಕೋ," ಎಂದ ಅಣ್ಣ. ಅವನ ಕಣ್ಣು ತುಂಬಿತ್ತು. "ಮೊದ್ಲು ನಮ್ ಆಲೆಮನೇನೇ ಬರಿ. ಅದು ಇದ್ದ ಜಾಗ್ದಲ್ಲೇ ಕುಂತ್ಕೊಂಡು ಬರೀಬೋದು ಈಗ."

ಮಂಚಮ್ಮ ಬೆಂಕಿಪೊಟ್ಟಣವನ್ನು ನಾದಿನಿಯ ಕೈಗಿಟ್ಟಳು. ಹೇಮಾವತಿ ಕೂತು ಕಡ್ಡಿ ಗೀರಿದಳು. ತುಸು ಹೊತ್ತಿಗೆ ಹಾಲು ಮೂಡಲ ಕಡೆಗೆ ಉಕ್ಕಿತು, ಎಲ್ಲರೂ ಶುಭ ಎಂದರು. ಅವಳು ಆ ನೊರೆಯನ್ನೇ ನೋಡುತ್ತ ಕೂತಳು. ಅದು ಬೆಳ್ಳಗಿತ್ತು.