ಸಂಘಕ್ಕೊಂದು ಕ್ಯಾಮೆರಾ

ಕ್ಯಾಮೆರಾ ಹೇಗಿದೆ ನೋಡಿ ಹೇಳಿ ಎಂದು ಕನ್ನಡ ಸಂಘದವರು ಶಿವಪುತ್ರನ ಕೈಗೇ ಕೊಟ್ಟಿದ್ದು ದೊಡ್ಡ ತಮಾಷೆ. ಬಸವ ಜಯಂತಿ, ರಾಜ್ಯೋತ್ಸವ, ಯಾರಿಗೋ ಸನ್ಮಾನ, ಇನ್ಯಾರದೋ ಬೀಳ್ಕೊಡುಗೆ, ಸಂಘದ ಯಾವ ಕಾರ್ಯಕ್ರಮವೇ ಇರಲಿ, ಫೋಟೋ, ವಿಡಿಯೋ ತೆಗೆಯುತ್ತ ಬಂದವನು ಅವನೇ. ಸಂಘಕ್ಕೆ ಸ್ವಂತ ಕ್ಯಾಮೆರಾ ಬಂದ ಮೇಲೆ ಅವನನ್ನು ಕೇಳುವವರು ಯಾರು? ತನ್ನ ಅನ್ನಕ್ಕೆ ತಾನೇ ಕಲ್ಲು ಹಾಕಿಕೊಳ್ಳುವ ಕೆಲಸವನ್ನು ಇಷ್ಟು ಮರ್ಯಾದೆಯಿಂದ ಬೇರೆ ಯಾರಿಗಾದರೂ ಒಪ್ಪಿಸಿದ್ದಾರೋ ಇಲ್ಲವೋ.

ಅವನು ಬೇಡವೆನ್ನಬಹುದಿತ್ತು. ಆದರೆ ಬೇಡವೆನ್ನುವುದಕ್ಕೂ ಮೈಯಲ್ಲಿ ಒಂದಿಷ್ಟು ಕಸುವು ಬೇಕಲ್ಲ. ಮದುವೆ ಸೀಜನ್ ಮುಗಿಸಿಕೊಂಡು ಬಂದವನಿಗೆ ಬೆನ್ನು ಬೆನ್ನಾಗಿ ಉಳಿದಿರಲಿಲ್ಲ. ಅದೂ ಅಲ್ಲದೆ ಕೊಟ್ಟವರು ಕಾರ್ಯದರ್ಶಿ ಅಣವೀರಪ್ಪನವರು. ವಿಜಯಪುರದ ಕಡೆಯವರು, ಮುಂಬೈಯಲ್ಲಿ ಬಟ್ಟೆ ವ್ಯಾಪಾರ ಮಾಡಿ ಗಟ್ಟಿಯಾಗಿ ನಿಂತವರು. ಮುಂದಿನ ತಿಂಗಳು ವಿಲೆ ಪಾರ್ಲೆಯ ಹಾಲ್‌ನಲ್ಲಿ ಅವರ ಮಗಳ ಮದುವೆ. ಅದರ ಫೋಟೋ, ವಿಡಿಯೋ ಎರಡೂ ಶಿವಪುತ್ರನದೇ. ಅಂಥವರು ಸಾಂತಾಕ್ರೂಜಿನ ಸಂಘದ ಕೋಣೆಯಲ್ಲಿ ಎಲ್ಲರ ಮುಂದೆ ಚೀಲ ಕೈಗಿಟ್ಟು, ಅಂಗಡಿಯವನು ಭಾನುವಾರದ ತನಕ ಬಿಟ್ಟಿದ್ದಾನೆ, ನೀವು ಹೂಂ ಅಂದರೆ ಕೊಳ್ಳುತ್ತೇವೆ, ಊಹೂಂ ಅಂದರೆ ವಾಪಸು ಎಂದರೆ ಏನು ಮಾಡುವುದು? ಚೀಲ ಹೆಗಲಿಗೆ ಹಾಕಿಕೊಂಡು ಚೆಂಬೂರಿಗೆ ಬಂದ.

ಹವ್ಯಾಸ ತಲೆಗೇರಿದವರಿಗೆಂದು ಮಾಡಿದ ಡಿಎಸ್‌ಎಲ್‌ಆರ್ ಅದು. ಮದುವೆ ತೆಗೆಯುವವರ ಭಾರೀ ಕ್ಯಾಮೆರಾ ಅಲ್ಲ, ಮಕ್ಕಳ ಆಟಿಕೆಯೂ ಅಲ್ಲ. ಹಿಡಿದರೆ ಕೈ ತುಂಬುತ್ತಿತ್ತು. ಫೋಟೋ ವಿಷಯದಲ್ಲಿ ಎರಡು ಮಾತಿಲ್ಲ: ಬಟನ್ ಅರ್ಧ ಒತ್ತಿದರೆ ಬೀಪ್ ಅನ್ನುತ್ತಿತ್ತು, ಪೂರ್ತಿ ಒತ್ತಿದರೆ ಚಿತ್ರ ಸಿಕ್ಕಿಬಿಡುತ್ತಿತ್ತು. ನೋಡುವ ಕಿಂಡಿ ಮಾತ್ರ ಯಾಕೋ ಮಸುಕು. ಅವನ ಹಳೆಯ ಕ್ಯಾಮೆರಾದ್ದೂ ಅದೇ ಕತೆ. ಮುಂಬೈ ಮಳೆಗಾಲದ ತೇವಕ್ಕೆ ಗಾಜಿನೊಳಗೆ ಬೂಸ್ಟು ಬಂದಿದೆ ಎಂದು ಅದನ್ನು ಫೋರ್ಟಿನ ರಿಪೇರಿ ಅಂಗಡಿಗೆ ಒಯ್ದಿದ್ದ. ಅಂಗಡಿಯವನು ಒರೆಸಿ ಕೊಟ್ಟು, ಇದರಲ್ಲಿ ಏನೂ ಇಲ್ಲ ಸಾಹೇಬ ಎಂದಿದ್ದ. ತನ್ನನ್ನು ಹಳ್ಳಿಯವನೆಂದು ತಿಳಿದು ಕೆಲಸ ತಪ್ಪಿಸಿಕೊಂಡನೆಂದು ಶಿವಪುತ್ರ ದಾರಿಯುದ್ದಕ್ಕೂ ಅವನನ್ನು ಬೈದುಕೊಂಡು ಬಂದಿದ್ದ.

ತಕರಾರು ಬಂದಿದ್ದು ವಿಡಿಯೋದಲ್ಲಿ. ವಿಡಿಯೋಕ್ಕೆ ಹಾಕಿದ ಕೂಡಲೇ ಆಟೋಫೋಕಸ್ ಸಂತೆಯಲ್ಲಿ ಮಗು ಕಳೆದುಕೊಂಡವರ ಹಾಗೆ ಅತ್ತ ಇತ್ತ ಹುಡುಕಾಡುತ್ತದೆ, ಲೆನ್ಸಿನ ಮೋಟಾರಿನ ಗೊರಗೊರ ಸದ್ದೂ ಒಳಗೆ ಸೇರುತ್ತದೆ. ಅದು ಈ ಜಾತಿಯ ಕ್ಯಾಮೆರಾಗಳ ಹುಟ್ಟುಗುಣ. ಕಸುಬು ಬಲ್ಲವರು ಆಟೋಫೋಕಸ್ ಬಂದ್ ಮಾಡಿ ಕೈಯಿಂದಲೇ ಲೆನ್ಸಿನ ಫೋಕಸ್ ರಿಂಗ್ ತಿರುಗಿಸುತ್ತಾರೆ. ಶಿವಪುತ್ರನೂ ಹಿಂದಿನ ಸ್ಕ್ರೀನಿಗೆ ಒಂದೇ ಕಣ್ಣಿಟ್ಟು ನೋಡುವ ತನ್ನ ಭೂತಗನ್ನಡಿಯ ಕೊಳವೆ ಕೂರಿಸಿ, ರೂಢಿಯಂತೆ ಬಲಗಣ್ಣು ಒತ್ತಿ, ಎಡಗಣ್ಣು ಮುಚ್ಚಿ, ಕಿಟಕಿಯ ಬಳಿ ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದ ಹೆಂಡತಿ ಮಹಾದೇವಿಯ ವಿಡಿಯೋ ತೆಗೆದ. ಟಿವಿಗೆ ಹಚ್ಚಿ ನೋಡಿದರೆ ಮಹಾದೇವಿ ಮಸುಕು. ಅವಳ ಹಿಂದಿನ ಗೋಡೆಯ ಮೇಲಿದ್ದ ಡಬ್ಬಿಗಳು ಫಳಫಳ. ಮತ್ತೊಮ್ಮೆ ತೆಗೆದ. ಈ ಸಲ ಮುಂದಿದ್ದ ಸೊಪ್ಪು ಸ್ಪಷ್ಟ, ಹೆಂಡತಿ ಮಸುಕು.

“ಪಪ್ಪಾ, ಯೇ ತೋ ಬ್ಲರ್ ಹೈ,” ಎಂದು ಮಗಳು ರೂಪಾಲಿ ಮೊಬೈಲಿನಿಂದ ತಲೆಯೆತ್ತದೆ ಹೇಳಿ ಹೋದಳು.

ಶನಿವಾರ ಅಣವೀರಪ್ಪನವರಿಗೆ ಫೋನು ಮಾಡಿದ. ಫೋಟೋಕ್ಕೆ ಅಡ್ಡಿಯಿಲ್ಲ, ವಿಡಿಯೋದಲ್ಲಿ ಫೋಕಸ್ ನಿಲ್ಲುವುದಿಲ್ಲ, ಬೇಡವೆಂದೇ ನನ್ನ ಅಭಿಪ್ರಾಯ ಎಂದ.

“ನೀವು ಹಂಗ ಅಂತೀರಿ ಅಂತ ನಮಗ ಮೊದಲ ಗೊತ್ತಿತ್ತು ಬಿಡ್ರಿ, ಶಿವಪುತ್ರಪ್ಪ,” ಎಂದರು ಅಣವೀರಪ್ಪ.

ಹೇಳಿದ ದನಿ ಮೆತ್ತಗೇ ಇತ್ತು, ನಾಟಿದ್ದು ಮಾತ್ರ ಎದೆಗೆ. ಇಷ್ಟು ವರ್ಷ ದುಡಿದ ಕೈಗೆ ಇದೇ ಬೆಲೆಯೇ ಎಂದು ಶಿವಪುತ್ರನಿಗೆ ರೋಷ ಬಂತು. ಅದೂ ಬಹಳ ಹೊತ್ತು ನಿಲ್ಲಲಿಲ್ಲ. ಸಿಟ್ಟು ಹಿಡಿದಿಟ್ಟುಕೊಳ್ಳುವ ತ್ರಾಣವೂ ಈಚೆಗೆ ಅವನಲ್ಲಿ ಕಡಿಮೆಯಾಗಿತ್ತು. ಆದರೆ ಸುಳ್ಳುಗಾರನೆನ್ನಿಸಿಕೊಂಡು ಸುಮ್ಮನಿರುವುದೂ ಆಗದು. ಕ್ಯಾಮೆರಾದ ತಪ್ಪು ಕಣ್ಣಿಗೆ ರಾಚುವಂಥ ಒಂದು ವಿಡಿಯೋ ತೆಗೆದು ಸಭೆಯಲ್ಲಿ ಅವರ ಮುಖಕ್ಕೇ ಹಿಡಿಯಬೇಕು ಎಂದುಕೊಂಡ.

ಭಾನುವಾರ ಬೆಳಿಗ್ಗೆ ಮಹಾದೇವಿ ರೊಟ್ಟಿಗೆ ಕೂತಿದ್ದಳು. ಶಿವಪುತ್ರ ಕ್ಯಾಮೆರಾ ಹಿಡಿದು ಎದುರಿಗೆ ಕುಕ್ಕರಗಾಲಲ್ಲಿ ಕೂತ. ನನ್ನ ಬಿಟ್ಟು ಬೇರೆ ಯಾರೂ ಸಿಗಲಿಲ್ಲವೇ ನಿಮಗೆ, ಕೂದಲು ಸಹ ಬಾಚಿಲ್ಲ ಎಂದು ಅವಳು ಗೊಣಗಿದಳು. ಅವನು ಇನ್ನೂ ಹತ್ತಿರ ಸರಿದ. ಅವಳು ರೊಟ್ಟಿ ಬಡಿದ ರಭಸಕ್ಕೆ ಜೋಳದ ಹಿಟ್ಟು ಹಾರಿ ಅವನ ಬಲಗಣ್ಣಿಗೆ ಬಿತ್ತು. ಕಣ್ಣು ಉಜ್ಜಿಕೊಳ್ಳುತ್ತ, ವಿಡಿಯೋ ನಡೆದಿದೆಯಲ್ಲ ಎಂದು ಎಡಗಣ್ಣನ್ನೇ ಕೊಳವೆಗೆ ಒತ್ತಿ ರಿಂಗ್ ತಿರುಗಿಸಿದ.

ಮಹಾದೇವಿ ಕಂಡಳು. ಹಣೆಗಂಟಿದ ಹಿಟ್ಟು ಕಂಡಿತು, ಕಿವಿಯ ಬಳಿ ಬೆಳ್ಳಗಾದ ಎಳೆಗಳು ಕಂಡವು, ಕಣ್ಣ ಕೆಳಗೆ ಜೋತುಬಿದ್ದ ಕಪ್ಪು ಕಂಡಿತು. ಇವಳು ಯಾವಾಗ ಇಷ್ಟು ದಣಿದಳು? ದಿನಾ ಎದುರಿಗೇ ಇದ್ದವಳನ್ನು ಸರಿಯಾಗಿ ನೋಡಿ ಎಷ್ಟು ಕಾಲವಾಯಿತೋ ಎಂದು ಅವನಿಗೆ ಅಳು ಬಂದಂತಾಯಿತು. ಹಿಟ್ಟು ಹೋದ ಮೇಲೆ ಬಲಗಣ್ಣು ಇಟ್ಟ, ಬರೀ ಮಂಜು. ಎಡಗಣ್ಣು ಇಟ್ಟ, ಎಲ್ಲ ಸ್ವಚ್ಛ. ಕೊಳವೆ ತೆಗೆದು ಹೆಂಡತಿಯನ್ನೇ ನೋಡುತ್ತ ಒಂದು ಕಣ್ಣು ಮುಚ್ಚಿದ, ಅದನ್ನು ತೆಗೆದು ಇನ್ನೊಂದು ಮುಚ್ಚಿದ.

“ಏನ್ರಿ, ಈ ವಯಸ್ಸಿನ್ಯಾಗ ಕಣ್ಣ ಹೊಡ್ಯಾಕತ್ತೀರಿ?” ಎಂದು ಮಹಾದೇವಿ ನಕ್ಕಳು. “ಮಗಳು ನೋಡ್ಯಾಳು, ಸುಮ್ನಿರ್ರಿ.”

ಅವನು ನಗಲಿಲ್ಲ, ಬಲಗಣ್ಣಿಗೆ ನಿನ್ನ ಮುಖ ಬರೀ ಮಂಜು ಎಂದ. ಅವಳ ನಗುವೂ ನಿಂತಿತು.

ಕ್ಯಾಮೆರಾ ಸರಿಯಿತ್ತು. ಫೋರ್ಟಿನ ರಿಪೇರಿಯವನೂ ಸರಿಯೇ ಹೇಳಿದ್ದ. ಎರಡೂ ಕಣ್ಣು ಬಿಟ್ಟು ತಿರುಗುವಾಗ ಎಡಗಣ್ಣು ಬಲಗಣ್ಣಿನ ಪಾಲನ್ನೂ ಹೊತ್ತು ನಡೆದಿತ್ತು, ಫೋಟೋ ತೆಗೆಯುವಾಗ ಆಟೋಫೋಕಸ್ ಅವನ ಮಾನ ಕಾಯ್ದಿತ್ತು. ಕೈಯಿಂದ ಫೋಕಸ್ ಮಾಡಬೇಕಾದಲ್ಲಿ ಮಾತ್ರ ಕಾಯುವವರು ಯಾರೂ ಇರಲಿಲ್ಲ. ಹೋದ ಸೀಜನ್ನಿನ ಮದುವೆ ವಿಡಿಯೋಗಳು ಒಂದೊಂದಾಗಿ ನೆನಪಾದವು. ಒಂದಿಬ್ಬರು ಸ್ವಲ್ಪ ಮಬ್ಬು ಬಂದಿದೆಯಲ್ಲ ಅಂದಾಗ ಹಾಲ್‌ನಲ್ಲಿ ಬೆಳಕು ಸಾಲದೆಂದು ಅವರ ಬಾಯಿ ಮುಚ್ಚಿಸಿದ್ದ.

ಮಹಾದೇವಿ ಬೇಗ ಸಾವರಿಸಿಕೊಂಡಳು. ಅವಳು ಯಾವತ್ತೂ ಹಾಗೆಯೇ. ಪೊರೆ ಇರಬೇಕು, ಆಪರೇಷನ್ ಮಾಡಿಸಿದರಾಯಿತು, ಲೋಕದಲ್ಲಿ ನಿಮಗೊಬ್ಬರಿಗೇ ಬಂದಿದ್ದಲ್ಲ ಎಂದು ಧೈರ್ಯ ಹೇಳಿದಳು. ಆಮೇಲೆ ಉರಿ ಸಣ್ಣದು ಮಾಡಿ ದನಿ ತಗ್ಗಿಸಿದಳು.

“ಸಂಘದಾಗ ಮಾತ್ರ ಬಾಯಿ ಬಿಡಬ್ಯಾಡ್ರಿ. ಫೋಟೋದವನ ಕಣ್ಣು ಹೋಗೇತಿ ಅಂತ ಒಮ್ಮೆ ಸುದ್ದಿ ಆತಂದ್ರ ಮುಗೀತು. ಬ್ಯಾಡ ಅಂತ ಹೆಂಗೂ ಹೇಳೀರಿ. ಅದನ್ನ ವಾಪಸ್ ಕೊಟ್ಟು ಸುಮ್ಮನ ಬರ್ರಿ.”

ಅವಳು ಹೇಳಿದ್ದರಲ್ಲಿ ತಪ್ಪೇನಿತ್ತು? ಈ ಊರಿನಲ್ಲಿ ಅವನ ಕಸುಬು ನಡೆದಿದ್ದೇ ಬಾಯಿಂದ ಬಾಯಿಗೆ. ಒಂದು ಮನೆಯ ಮದುವೆ ಮುಗಿಸಿದರೆ ಆ ಮನೆಯ ಬೀಗರು ಕರೆಯುತ್ತಿದ್ದರು. ಹಾಗೆ ಬಂದ ಕಸುಬು ಅದೇ ದಾರಿಯಲ್ಲಿ ಹೋಗುವುದಕ್ಕೂ ಹೊತ್ತು ಬೇಡ.

ಹಾರ್ಬರ್ ಲೈನಿನಲ್ಲಿ ಅವತ್ತು ಹಳಿ ರಿಪೇರಿಯ ಮೆಗಾಬ್ಲಾಕ್, ಲೋಕಲ್ ರೈಲು ಇಲ್ಲ. ಬಸ್ಸಿನಲ್ಲಿ ತೊಡೆಯ ಮೇಲೆ ಕ್ಯಾಮೆರಾ ಚೀಲ ಇಟ್ಟುಕೊಂಡು ಕುರ್ಲಾದ ಟ್ರಾಫಿಕ್ಕಿನಲ್ಲಿ ಕೊಳೆಯುತ್ತ, ಸುಮ್ಮನಿದ್ದುಬಿಡುವುದೆಂದು ಶಿವಪುತ್ರ ಗಟ್ಟಿ ಮಾಡಿಕೊಂಡ. ಅಣವೀರಪ್ಪನವರ ಮಗಳ ಮದುವೆಗೆ ಮೊದಲೇ ಡಾಕ್ಟರಿಗೆ ಕಣ್ಣು ತೋರಿಸಿಬಿಡುವುದು. ಆಪರೇಷನ್ ಆಗದಿದ್ದರೂ ಎಡಗಣ್ಣು ಇದ್ದೇ ಇದೆ. ಎಡಗಣ್ಣನ್ನು ಎಷ್ಟು ದಿನ ನಂಬುವುದು ಎಂಬ ಯೋಚನೆ ಬಂದಾಗ ಕಿಟಕಿಯ ಕಡೆ ಮುಖ ತಿರುಗಿಸಿದ.

ಸಂಘದ ಕೋಣೆಯಲ್ಲಿ ಸಮಿತಿಯವರೆಲ್ಲ ಸೇರಿದ್ದರು. ಖಜಾಂಚಿ ಕೊರಗಪ್ಪನವರು, ಮಂಗಳೂರಿನ ಕಡೆಯವರು, ಚಹಾ ಹಂಚುತ್ತಿದ್ದರು. ಕ್ಯಾಮೆರಾದ ವಿಷಯ ಬಂದಾಗ ಅಣವೀರಪ್ಪ ಎದ್ದು ನಿಂತರು. ಕುಟುಕುತ್ತಾರೆಂದು ಶಿವಪುತ್ರ ಹಲ್ಲು ಕಚ್ಚಿ ಕೂತಿದ್ದ. ಅವರು ಬೇರೆಯೇ ಮಾತಾಡಿದರು. ನಿನ್ನೆ ಫೋನಿನಲ್ಲಿ ನನ್ನ ಬಾಯಿಂದ ಒಂದು ಸಣ್ಣ ಮಾತು ಬಂತು, ಅದಕ್ಕೆ ನಿದ್ದೆ ಹತ್ತಲಿಲ್ಲ ಎಂದರು. ಇಷ್ಟು ವರ್ಷ ನಮ್ಮ ಮನೆಮನೆ ಹೊಕ್ಕು ಬಂದ ಮನುಷ್ಯ, ಒಂದು ದಿನ ಸುಳ್ಳು ಹೇಳಿದವನಲ್ಲ, ಅವನು ಬೇಡವೆಂದರೆ ಬೇಡ. ಇವತ್ತೇ ವಾಪಸು ಕಳಿಸುತ್ತೇನೆ, ಫೋಟೋ ವಿಡಿಯೋ ಮೊದಲಿನ ಹಾಗೆ ಶಿವಪುತ್ರಪ್ಪನೇ ನೋಡಿಕೊಳ್ಳಲಿ ಎಂದರು. ಎಲ್ಲರೂ ತಲೆಯಾಡಿಸಿದರು.

ಕುಟುಕಿದ್ದರೆ ಶಿವಪುತ್ರ ತಡೆದುಕೊಳ್ಳುತ್ತಿದ್ದ. ಇದನ್ನು ತಡೆಯಲಾಗಲಿಲ್ಲ.

“ಕ್ಯಾಮೆರಾ ಛಲೋ ಐತ್ರಿ, ಅಣ್ಣಾರ,” ಎಂದ. “ಕೆಟ್ಟಿದ್ದು ನನ್ನ ಬಲಗಣ್ಣು.”

ಯಾರೂ ನಂಬಲಿಲ್ಲ. ಎಲ್ಲಕ್ಕಿಂತ ಹೆಚ್ಚು ಸುಸ್ತು ಮಾಡಿದ್ದು ಅದೇ. ನನ್ನ ಮಾತು ಮನಸ್ಸಿಗೆ ಹಚ್ಚಿಕೊಂಡು ಹೀಗೆ ಹೇಳುತ್ತಿದ್ದೀರಿ ಎಂದು ಅಣವೀರಪ್ಪ ಕೈ ಹಿಡಿದುಕೊಂಡರು. ಸಂಘಕ್ಕೆ ಕ್ಯಾಮೆರಾ ಆಗಲೆಂದು ತಮ್ಮ ಹೊಟ್ಟೆಯ ಮೇಲೇ ಹೊಡೆದುಕೊಳ್ಳುತ್ತಿದ್ದಾರಲ್ಲ ಎಂದು ಕೊರಗಪ್ಪ ಮರುಗಿದರು. ಶಿವಪುತ್ರನಿಗೆ ವಾದ ಮಾಡುವ ಶಕ್ತಿ ಇರಲಿಲ್ಲ. ಚೀಲ ಬಿಚ್ಚಿದ. ಅಣವೀರಪ್ಪನವರನ್ನು ಟ್ಯೂಬ್‌ಲೈಟಿನ ಕೆಳಗೆ ಕುರ್ಚಿಯಲ್ಲಿ ಕೂರಿಸಿ, ಮೊದಲು ಬಲಗಣ್ಣಿಟ್ಟು ರಿಂಗ್ ತಿರುಗಿಸಿ ವಿಡಿಯೋ ತೆಗೆದ. ಆಮೇಲೆ ಎಡಗಣ್ಣಿಟ್ಟು ಅದನ್ನೇ ತೆಗೆದ. ಕಸುಬಿನಲ್ಲಿ ಕಳ್ಳಾಟ ಅವನಿಗೆ ಬರುತ್ತಿರಲಿಲ್ಲ. ಬಲಗಣ್ಣಿಗೂ ಎಡಗಣ್ಣಿಗೂ ಒಂದೇ ಸಮ ಶ್ರದ್ಧೆಯಿಂದ ಫೋಕಸ್ ಮಾಡಿದ. ಕೇಬಲ್ಲನ್ನು ಸಂಘದ ಟಿವಿಗೆ ಚುಚ್ಚಿದ.

ಮೊದಲನೆಯದರಲ್ಲಿ ಅಣವೀರಪ್ಪ ಬಚ್ಚಲ ಹಬೆಯಲ್ಲಿ ಕೂತಂತಿದ್ದರು. ಹಿಂದಿನ ಕ್ಯಾಲೆಂಡರಿನ ತಾರೀಖು ಮಾತ್ರ ಓದುವ ಹಾಗಿತ್ತು. ಎರಡನೆಯದರಲ್ಲಿ ಅವರ ಮೀಸೆಯ ಎಳೆ ಎಳೆ, ಹಣೆಯ ವಿಭೂತಿ ಬಿರಿದ ಗೆರೆ ಕೂಡ ಕಾಣುತ್ತಿತ್ತು. ಚಹಾ ಕುಡಿಯುತ್ತಿದ್ದವರು ಕಪ್ ಕೆಳಗಿಟ್ಟರು.

“ಮಾರಾಯ್ರೇ, ಇದು ಪೊರೆ,” ಎಂದರು ಕೊರಗಪ್ಪ. “ನಮ್ಮ ಅಣ್ಣನಿಗೂ ಆಗಿತ್ತು. ತೆಗೆಸಿದ್ರೆ ಸರಿ ಆಗ್ತದೆ.”

ಹೌದು ಹೌದು ಎಂದು ಎಲ್ಲರೂ ಅಂದರು. ಕ್ಯಾಮೆರಾ ಕೊಳ್ಳುವುದೆಂದೂ ಅಲ್ಲೇ ತೀರ್ಮಾನವಾಯಿತು. ಶಿವಪುತ್ರ ಕೇಬಲ್ ಸುತ್ತಿ, ಲೆನ್ಸಿಗೆ ಮುಚ್ಚಳ ಹಾಕಿ, ಚೀಲವನ್ನು ಮೇಜಿನ ಮೇಲಿಟ್ಟ. ಬಾಗಿಲ ತನಕ ಬಂದ ಅಣವೀರಪ್ಪ ಅವನ ಹೆಗಲ ಮೇಲೆ ಕೈಯಿಟ್ಟರು.

“ಶಿವಪುತ್ರಪ್ಪ, ತಪ್ಪು ತಿಳಕೋಬ್ಯಾಡ್ರಿ. ನಮ್ಮ ಹುಡುಗಿ ಮದುವಿ...”

ಫೋಟೋಕ್ಕೆ ಆಟೋಫೋಕಸ್ ಇದೆ, ವಿಡಿಯೋಕ್ಕೆ ಎಡಗಣ್ಣು ಇದೆ ಎಂದು ಹೇಳಬಹುದಿತ್ತು. ಬಸ್ಸಿನಲ್ಲಿ ಅದನ್ನೆಲ್ಲ ಜೋಡಿಸಿಯೂ ಇಟ್ಟುಕೊಂಡಿದ್ದ. ಆದರೆ ಈಗಷ್ಟೇ ಆ ಟಿವಿಯಲ್ಲಿ ಕಂಡದ್ದನ್ನು ಮಗಳ ಮದುವೆ ಇಟ್ಟುಕೊಂಡ ತಂದೆಗೆ ಮರೆತುಬಿಡಿ ಅನ್ನುವುದು ಹೇಗೆ? ಅವನಿಗೂ ಒಬ್ಬಳು ಮಗಳಿದ್ದಳು.

“ಬ್ಯಾರೆದವ್ರನ್ನ ನೋಡ್ರಿ, ಅಣ್ಣಾರ,” ಎಂದ. “ಮದುವಿ ಒಮ್ಮೆ ಆಗೂದು.”

ಮನೆಗೆ ಬಂದಾಗ ಮಹಾದೇವಿ ಬಾಗಿಲು ತೆಗೆದು ಮೊದಲು ನೋಡಿದ್ದು ಅವನ ಬರಿಯ ಹೆಗಲನ್ನು. ಕೈಕಾಲು ತೊಳೆದುಕೊಂಡು ಅವನು ಗೋಡೆಗೊರಗಿ ಕೂತ. ಅವಳು ಬೆಳಗಿನ ರೊಟ್ಟಿ, ಮೆಂತ್ಯೆ ಪಲ್ಯ ಬಡಿಸಿ ಎದುರಿಗೆ ಕೂತು, ಏನಂದರು ಎಂದು ಕೇಳಿದಳು.

“ಕ್ಯಾಮೆರಾ ಪಾಸಾತು,” ಎಂದ ಶಿವಪುತ್ರ.

ಮಹಾದೇವಿ ಅವನನ್ನೇ ನೋಡಿದಳು. ಅವನು ಎಡಗಣ್ಣು ಮುಚ್ಚಿ ಬಲಗಣ್ಣಿನಿಂದ ಅವಳ ಮುಖ ಹುಡುಕಿದ. ಈ ಸಲ ಅವಳು, ಕಣ್ಣು ಹೊಡೆಯುತ್ತೀರಾ ಎಂದು ಕೇಳಲಿಲ್ಲ. ಇನ್ನೊಂದು ರೊಟ್ಟಿ ಮುರಿದು ಅವನ ತಾಟಿಗೆ ಹಾಕಿದಳು.