ತುಂಡು ಬಟ್ಟೆಯ ಕೋಣೆ

ಟೈಲರನ್ನು ಮದುವೆಯಾಗಲು ಹೊರಟ ಹೆಣ್ಣುಮಕ್ಕಳಿಗೆ ನನ್ನದೊಂದು ಮಾತಿದೆ. ಗಂಡ ಬಟ್ಟೆ ಹೊಲಿದು ಕೊಡುತ್ತಾನೆಂದು ಹಿಗ್ಗಬೇಡಿ. ಹೊಲಿದು ಮಿಕ್ಕಿದ್ದನ್ನು ಎಲ್ಲಿಡುತ್ತಾನೆಂದು ಮೊದಲು ಕೇಳಿಕೊಳ್ಳಿ.

ನಮ್ಮವರು ಊರಿಗೆಲ್ಲ ಮಾಸ್ಟರ್. ಪೇಟೆಯ ತಿರುವಿನಲ್ಲಿ ಅವರ ಅಂಗಡಿ ಇತ್ತು. ರಸ್ತೆ ಅಗಲ ಮಾಡುವಾಗ ಕಟ್ಟಡವನ್ನೇ ಕೆಡವಿದರು. ಈ ವಯಸ್ಸಿನಲ್ಲಿ ಇನ್ನೊಂದು ಅಂಗಡಿ ಹಾಕುವ ಹುಮ್ಮಸ್ಸು ಇವರಿಗಿರಲಿಲ್ಲ, ಹಾಕಿದ್ದರೂ ಈ ರೆಡಿಮೇಡ್ ಕಾಲದಲ್ಲಿ ಬರುವವರು ಯಾರು? ಮೆಷಿನ್ ಮನೆಗೆ ಬಂತು. ಅದರ ಹಿಂದೆಯೇ ತುಂಡು ಬಟ್ಟೆಯ ಚೀಲಗಳು ಬಂದವು, ಬಂದವು, ಬರುತ್ತಲೇ ಇದ್ದವು. ಹಿಂದಿನ ಕೋಣೆ ನೆಲದಿಂದ ಕಿಟಕಿಯವರೆಗೆ ತುಂಬಿಹೋಯಿತು. ಶರ್ಟಿನ ಕಂಕುಳು ಕತ್ತರಿಸಿದಾಗ ಬೀಳುವ ಅರ್ಧಚಂದ್ರ, ಪ್ಯಾಂಟಿನ ಕಾಲು ಗಿಡ್ಡ ಮಾಡಿದಾಗ ಉಳಿಯುವ ಪಟ್ಟಿ, ಪರದೆಯ ಅಂಚು, ಒಂದನ್ನಾದರೂ ಎಸೆದಿರಬೇಕಲ್ಲ ಈ ಪುಣ್ಯಾತ್ಮ.

ಆಗ ನಾನೇನೂ ಅನ್ನಲಿಲ್ಲ. ಕೋಣೆ ಬೇಕಾದದ್ದು ಅಮ್ಮ ಬಿದ್ದ ಮೇಲೆ.

ಅಮ್ಮ ನನ್ನ ತಮ್ಮನ ಮನೆಯಲ್ಲಿದ್ದಳು. ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದು, ಆಪರೇಷನ್ ಆಗಿ, ವಾಕರ್ ಹಿಡಿದು ನಾಲ್ಕು ಹೆಜ್ಜೆ ಇಡುವಷ್ಟಾದಳು. ತಮ್ಮನ ಮನೆ ಚಿಕ್ಕದು. ಅವಳ ಮಂಚವನ್ನು ಟಿವಿ ಇರುವ ನಡುಮನೆಯಲ್ಲೇ ಹಾಕಿದ್ದರು. ತಮ್ಮನ ಹೆಂಡತಿ ಕೆಟ್ಟವಳಲ್ಲ, ಹೊತ್ತುಹೊತ್ತಿಗೆ ಊಟ ಮಾತ್ರೆ ಕೊಡುತ್ತಿದ್ದಳು. ಆದರೆ ಬಟ್ಟೆ ಬದಲಾಯಿಸಬೇಕೆಂದರೆ ಮೊಮ್ಮಕ್ಕಳನ್ನು ಹೊರಗೆ ಕಳಿಸಬೇಕು. ಯಾರಾದರೂ ಮನೆಗೆ ಬಂದರೆ ಅಮ್ಮ ಗೋಡೆಯ ಕಡೆ ತಿರುಗಿ ನಿದ್ದೆ ಬಂದವಳಂತೆ ಮಲಗಿಬಿಡುತ್ತಿದ್ದಳು. ಒಮ್ಮೆ ನಾನು ಹೋದಾಗಲೂ, ಯಾರೋ ಎಂದುಕೊಂಡು ಹಾಗೇ ಮಲಗಿದಳು. ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ, ಅವಳಿಗೆ ಬೇಕಾದದ್ದು ಅಷ್ಟೇ. ಅದು ನಮ್ಮ ಮನೆಯಲ್ಲಿತ್ತು, ಹೊಟ್ಟೆ ತುಂಬ ಚಿಂದಿ ತುಂಬಿಕೊಂಡು.

ನಮ್ಮವರನ್ನು ಕೇಳಿದೆ. ಅತ್ತೆ ಬರಲಿ, ಧಾರಾಳವಾಗಿ ಬರಲಿ ಎಂದರು. ಆದರೆ ಬಟ್ಟೆಯನ್ನು ಎಸೆಯುವ ಹಾಗಿಲ್ಲವಂತೆ. ಎಲ್ಲವನ್ನೂ ಕೌದಿ ಹೊಲಿದು ಮುಗಿಸುತ್ತಾರಂತೆ, ಮಳೆ ಹಿಡಿಯುವುದರೊಳಗೆ ಕೋಣೆ ಖಾಲಿಯಂತೆ. ನಾನು ಪೆದ್ದಿ, ನಂಬಿದೆ. ಅಮ್ಮನಿಗೆ ಫೋನ್ ಮಾಡಿ ಹೇಳಿಯೂ ಬಿಟ್ಟೆ.

ಕೌದಿ ಎಂದರೆ ನನಗೆ ಗೊತ್ತಿದ್ದದ್ದು ಒಂದೇ ಬಗೆ. ಕೈಗೆ ಸಿಕ್ಕ ತುಂಡುಗಳನ್ನು ಹಳೆಯ ಬಟ್ಟೆಯ ಮೇಲೆ ಹರಡುವುದು, ದಾರ ಓಡಿಸುವುದು, ಹೊದ್ದು ಮಲಗುವುದು. ಮಾಸ್ಟರಿಗೆ ಅದು ಹಿಡಿಸೀತೇ? ಮೊದಲು ಹತ್ತಿಯನ್ನು ಬೇರೆ ಮಾಡಬೇಕು, ಟೆರಿಕಾಟನ್ನು ಬೇರೆ ಮಾಡಬೇಕು. ಹತ್ತಿ ನೀರಿಗೆ ಬಿದ್ದರೆ ಕುಗ್ಗುತ್ತದೆ, ಟೆರಿಕಾಟು ಕುಗ್ಗುವುದಿಲ್ಲ. ಎರಡನ್ನೂ ಸೇರಿಸಿ ಹೊಲಿದರೆ ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಎಂಬಂತಾಗಿ ಕೌದಿ ಮುದುಡುತ್ತದಂತೆ. ಆಮೇಲೆ ಪ್ರತಿ ತುಂಡನ್ನೂ ಬೆಳಕಿಗೆ ಹಿಡಿದು ಎಳೆ ಯಾವ ಕಡೆ ಓಡುತ್ತಿದೆ ನೋಡಬೇಕು. ಆಮೇಲೆ ಇಸ್ತ್ರಿ. ಆಮೇಲೆ ಅಂಗೈಯಗಲದ ಚೌಕ.

ಆ ಚೌಕವೇ ನನ್ನ ಜೀವ ತಿಂದದ್ದು. ಅರ್ಧಚಂದ್ರದಿಂದ ಚೌಕ ತೆಗೆದರೆ ಸುತ್ತ ನಾಲ್ಕು ಚೂರು ಉಳಿಯುತ್ತದೆ. ಅದನ್ನೂ ಎಸೆಯುವುದಿಲ್ಲ, ಅದಕ್ಕೊಂದು ಬೇರೆ ಚೀಲ. ಬೆರಳಗಲದ ಚೌಕಗಳು ಬೇಕಾದಾಗ ಅದರಿಂದ ತೆಗೆಯುತ್ತಾರಂತೆ. ಹೀಗೆ ಒಂದು ಚೀಲದ ಬಟ್ಟೆ ಕೌದಿಗೆ ಹೋಗುವಷ್ಟರಲ್ಲಿ ಮುಕ್ಕಾಲು ಚೀಲ ಚೂರು ಮತ್ತೆ ಕೋಣೆಗೆ ವಾಪಸ್ಸು. ಚಳಿ ಮುಗಿದು ಸೆಕೆ ಬಂತು. ಗುಡ್ಡ ಅಗೆದು ಇಲಿ ಹಿಡಿದಂತೆ ಒಂದು ಕೌದಿ ಮುಗಿಯಿತು. ಚೆನ್ನಾಗಿರಲಿಲ್ಲ ಎನ್ನುವುದಿಲ್ಲ, ತಿರುಗಿಸಿ ಹಾಕಿದರೂ ಯಾವುದು ಮೇಲು ಯಾವುದು ಅಡಿ ಗೊತ್ತಾಗುತ್ತಿರಲಿಲ್ಲ. ಅದಕ್ಕೇ ಇನ್ನಷ್ಟು ಉರಿಯಿತು ನನಗೆ.

ದಿಂಬಿಗಾದರೂ ತುಂಬಿ, ಬೇಗ ಮುಗಿಯುತ್ತದೆ ಎಂದೆ. ನಾನು ಏನೋ ಅಪಶಕುನ ನುಡಿದವಳಂತೆ ಕನ್ನಡಕದ ಮೇಲಿಂದ ನೋಡಿದರು.

“ಬಟ್ಟೆ ಅಂದ್ಮೇಲೆ ಕಣ್ಣಿಗೆ ಕಾಣಬೇಕು. ಒಳಗೆ ತುರುಕೋದು ಅಂದ್ರೆ ಹೂತು ಹಾಕಿದ ಹಾಗೆ.”

ಸರಿ, ನಾನೂ ಕೈ ಹಚ್ಚುತ್ತೇನೆಂದು ಸೂಜಿ ಹಿಡಿದು ಕೂತೆ. ಒಂದು ಮಧ್ಯಾಹ್ನವೆಲ್ಲ ಕತ್ತು ನೋಯುವಷ್ಟು ಹೊಲಿದೆ. ಸಂಜೆ ಟೀ ತಂದಾಗ ನೋಡುತ್ತೇನೆ, ಬ್ಲೇಡು ಹಿಡಿದು ನನ್ನ ಹೊಲಿಗೆಯನ್ನೆಲ್ಲ ಬಿಚ್ಚುತ್ತಾ ಕೂತಿದ್ದಾರೆ. ಸಾಲು ಸ್ವಲ್ಪ ಓರೆಯಾಗಿತ್ತಂತೆ. ಬೇಜಾರು ಮಾಡಿಕೊಳ್ಳಬೇಡ ಎಂದು ನಗುತ್ತಾ ಹೇಳಿದರು ಬೇರೆ. ಲೋಟವನ್ನು ಮೆಷಿನ್ ಮೇಲೆ ಕುಕ್ಕಿ ಒಳಗೆ ಹೋದೆ.

ಅಮ್ಮ ದಿನಾ ಸಂಜೆ ಫೋನ್ ಮಾಡುತ್ತಿದ್ದಳು. ಯಾವಾಗ ಕರೆದುಕೊಂಡು ಹೋಗುತ್ತೀ ಎಂದು ಒಮ್ಮೆಯೂ ಕೇಳಲಿಲ್ಲ. ಚೀಲ ಎಷ್ಟು ಇಳಿಯಿತು ಎಂದು ಕೇಳುತ್ತಿದ್ದಳು. ಹಿಂದೆ ಟಿವಿಯಲ್ಲಿ ಯಾರೋ ಕಿರುಚುವುದು ಕೇಳಿಸುತ್ತಿತ್ತು. ಇಳಿಯುತ್ತಿದೆ ಎಂದು ನಾನು ಸುಳ್ಳು ಹೇಳುತ್ತಿದ್ದೆ. ಇನ್ನು ಸ್ವಲ್ಪ ದಿನ ಎನ್ನುತ್ತಿದ್ದೆ. ಪಾಪ, ಅವರಿಗೆ ಅವಸರ ಮಾಡಬೇಡ ಎಂದು ಅವಳೇ ಅಳಿಯನ ಪರ ವಹಿಸುತ್ತಿದ್ದಳು. ಫೋನ್ ಇಟ್ಟ ಮೇಲೆ ನಾನು ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತು ಆ ಚೀಲಗಳಿಗೆ ಬಾಯಿಗೆ ಬಂದಂತೆ ಬೈಯುತ್ತಿದ್ದೆ. ಇವರಿಗೆ ಬೈದರೆ ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ. ಚೀಲಗಳಾದರೂ ಎದುರಿಗೆ ನಿಂತು ಕೇಳಿಸಿಕೊಳ್ಳುತ್ತಿದ್ದವು.

ಮಳೆಯೂ ಹಿಡಿಯಿತು. ಎರಡನೆಯ ಕೌದಿ ಮುಗಿಯಲು ಬಂದಿತ್ತು. ಚೀಲಗಳ ರಾಶಿ ಮಾತ್ರ ಕಿಟಕಿಯ ಮಟ್ಟ ಬಿಟ್ಟು ಕೆಳಗಿಳಿದಿರಲಿಲ್ಲ. ಎಲ್ಲಿಯಾದರೂ ಉಂಟೇ? ಚೂರಿನಿಂದ ಚೂರು ಹುಟ್ಟುತ್ತದೆ, ಒಪ್ಪಿಕೊಂಡೆ. ಆದರೂ ಎರಡು ಕೌದಿಗೆ ಹೋದಷ್ಟಾದರೂ ಕಡಿಮೆಯಾಗಬೇಡವೇ? ನನಗೆ ತಲೆ ಚಿಟ್ಟು ಹಿಡಿಯಿತು.

ಒಂದು ದಿನ ಕಸ ಗುಡಿಸುವಾಗ ಬಾಗಿಲ ಸಂದಿಯಿಂದ ಒಂದು ತುಂಡು ಹೊರಬಂತು. ಕಂದು ಬಣ್ಣದ ಮೇಲೆ ಹಳದಿ ಗೆರೆಯ ಚೆಕ್ಸ್. ಎದುರಿನ ಶಾಲೆಯ ಯೂನಿಫಾರ್ಮಿನದು. ಕಸದ ಜೊತೆ ಗುಡಿಸಿಬಿಡುತ್ತಿದ್ದೆ, ಕೈ ಅಲ್ಲೇ ನಿಂತಿತು. ಟೈಲರನ ಹೆಂಡತಿಗೆ ಬೇರೇನೂ ಬರದಿದ್ದರೂ ಯಾವ ಬಟ್ಟೆ ಯಾವಾಗಿನದು ಎಂಬುದು ಗೊತ್ತಿರುತ್ತದೆ. ತುಂಡು ಹಿಡಿದುಕೊಂಡು ನೇರ ಮೆಷಿನ್ ಹತ್ತಿರ ಹೋದೆ.

“ಇದು ಎಲ್ಲಿಂದ ಬಂತು ರೀ?”

ಬಟ್ಟೆ ನೋಡಿದರು. ಹಳೆಯದಿರಬೇಕು ಎಂದರು.

“ಶಾಲೆಯವರು ಈ ಬಣ್ಣಕ್ಕೆ ಬದಲಾಯಿಸಿದ್ದೇ ಈ ವರ್ಷ. ನಿಮ್ಮ ಅಂಗಡಿ ಕೆಡವಿ ಎಷ್ಟು ಕಾಲ ಆಯ್ತು?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವರ ಕಾಲು ಮೆಲ್ಲಗೆ, ಬೆಳಗಿನ ವಾಕಿಂಗಿಗೆ ಒಯ್ಯುವ ಚೀಲವನ್ನು ಮೆಷಿನ್ ಕೆಳಗೆ ತಳ್ಳಿತು. ಬಗ್ಗಿ ಎಳೆದು ತೆಗೆದೆ. ಅದರ ತುಂಬ ಅದೇ ಕಂದು, ಅದೇ ಹಳದಿ. ಗದರಿಸಿ ಕೇಳಿದ ಮೇಲೆ ಬಾಯಿಬಿಟ್ಟರು, ಬಸ್ ನಿಲ್ದಾಣದ ಹತ್ತಿರ ಹೊಸದಾಗಿ ಅಂಗಡಿ ಹಾಕಿದ ಟೈಲರ್ ಎಸೆಯುವ ತುಂಡುಗಳನ್ನು ಇವರು ದಿನಾ ಹೋಗಿ ಬೇಡಿ ತರುತ್ತಿದ್ದರಂತೆ. ನಾನು ಖಾಲಿಯಾಗಲಿ ಎಂದು ದಿನ ಎಣಿಸುತ್ತಿದ್ದೆ, ಬೇಲಿಯೇ ಎದ್ದು ಹೊಲ ಮೇಯುತ್ತಿತ್ತು.

“ನಮ್ಮಮ್ಮ ಬರೋದು ಇಷ್ಟ ಇಲ್ಲ ಅಂದ್ರೆ ಬಾಯಿ ಬಿಟ್ಟು ಹೇಳ್ಬೇಕಿತ್ತು. ಹೀಗೆ ಮಾಡಬಾರದಿತ್ತು ನೀವು.”

“ಛೆ, ಅದಲ್ಲ ಕಣೇ.”

ಮೆಷಿನ್ನಿನ ಚಕ್ರವನ್ನು ಸುಮ್ಮನೆ ಹಿಂದಕ್ಕೆ ಮುಂದಕ್ಕೆ ತಿರುಗಿಸುತ್ತಿದ್ದರು.

“ಚೀಲ ಖಾಲಿ ಆಗಿಹೋದ್ರೆ, ಮಾರನೇ ದಿನ ಬೆಳಗ್ಗೆ ಎದ್ದು ನಾನು ಏನ್ ಮಾಡ್ಲಿ, ಹೇಳು.”

ಬೇರೆ ಏನು ಹೇಳಿದ್ದರೂ ಜಗಳ ಆಡುತ್ತಿದ್ದೆ. ಇದಕ್ಕೆ ಅಯ್ಯೋ ಅನಿಸಿತು. ಅಯ್ಯೋ ಅನಿಸಿದ್ದಕ್ಕೇ ಇನ್ನೂ ಕೋಪ ಬಂತು. ಇವರ ಬೆಳಗು ಖಾಲಿಯಾಗಬಾರದೆಂದು ಅಮ್ಮ ಎಷ್ಟು ತಿಂಗಳಿಂದ ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ.

“ನೀವು ಎದ್ದು ಏನಾದ್ರೂ ಮಾಡಬಹುದು. ನಮ್ಮಮ್ಮನಿಗೆ ಏಳೋಕೇ ಆಗಲ್ಲ. ನಾಳೆ ಹೋಗಿ ಕರ್ಕೊಂಡು ಬರ್ತೀನಿ. ಜಾಗ ಇಲ್ದಿದ್ರೆ ಚೀಲದ ಮೇಲೇ ಮಲಗಿಸ್ತೀನಿ.”

ಹೇಳಿದಂತೆಯೇ ಹೋದೆ. ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ಅಮ್ಮನನ್ನು ದಿಂಬುಗಳ ನಡುವೆ ಕೂರಿಸಿ, ವಾಕರನ್ನು ತೊಡೆಯ ಮೇಲಿಟ್ಟುಕೊಂಡು, ಮನೆಗೆ ಬಂದರೆ ಏನು ಕಾದಿದೆಯೋ ಎಂದು ದಾರಿಯುದ್ದಕ್ಕೂ ಹಲ್ಲು ಕಚ್ಚಿಕೊಂಡಿದ್ದೆ. ಚೀಲದ ವಿಷಯವನ್ನೆಲ್ಲ ಅವಳಿಗೆ ಹೇಳಿದೆ, ಖಾಲಿಯಾದರೆ ಬೆಳಗ್ಗೆ ಎದ್ದು ಏನು ಮಾಡಲಿ ಎಂದು ಇವರು ಕೇಳಿದ್ದನ್ನೂ ಹೇಳಿದೆ. ಅವಳು ಕಿಟಕಿಯ ಹೊರಗೆ ನೋಡುತ್ತಾ ಕೇಳಿಸಿಕೊಂಡಳು.

ಹಿಂದಿನ ಕೋಣೆಯ ಬಾಗಿಲು ಪೂರ್ತಿ ತೆರೆದಿತ್ತು. ಒಳಗೆ ನೆಲ ಕಾಣುತ್ತಿತ್ತು. ಖಾಲಿ ಚೀಲಗಳು ಮಡಿಸಿ ಮೂಲೆಯಲ್ಲಿದ್ದವು. ತಂದು ಹಾಕಿದ ಮಂಚದ ಮೇಲೆ ಒಂದು ಮೊಳ ದಪ್ಪದ ಹಾಸಿಗೆ. ಎರಡು ಕೌದಿಗಳನ್ನು ಒಂದರ ಮೇಲೊಂದು ಇಟ್ಟು, ಸುತ್ತ ಪಟ್ಟಿ ಕೊಟ್ಟು ಗವಸು ಮಾಡಿ, ಕೋಣೆಯಲ್ಲಿದ್ದ ಅಷ್ಟೂ ತುಂಡು ಬಟ್ಟೆಯನ್ನು ಒಳಗೆ ತುಂಬಿದ್ದರು. ಅರ್ಧಚಂದ್ರ, ಪಟ್ಟಿ, ಬೆರಳಗಲದ ಚೂರು, ಯೂನಿಫಾರ್ಮು, ಯಾವುದನ್ನೂ ಬಿಟ್ಟಿರಲಿಲ್ಲ. ದಬ್ಬಣ ಹಿಡಿದು ಕೊನೆಯ ಮೂಲೆಯನ್ನು ಹೊಲಿಯುತ್ತಿದ್ದರು. ಕಣ್ಣು ಕೆಂಪಗಿದ್ದವು. ಬನ್ನಿ ಅತ್ತೆ ಎಂದು ಎದ್ದು ನಿಂತರು. ನನ್ನ ಕಡೆ ನೋಡಲಿಲ್ಲ.

ಆ ಸಂಜೆ ಅಮ್ಮ ಬಾಗಿಲು ಹಾಕಿಸಿಕೊಂಡು ಮೈ ಒರೆಸಿಸಿಕೊಂಡಳು. ಆಮೇಲೆ ಅಂಗಾತ ಮಲಗಿದಳು. ನಾನು ಗೆದ್ದಿದ್ದೆ.

ಗೆದ್ದವಳ ಪಾಡು ಮಾರನೆಯ ದಿನದಿಂದ ಶುರುವಾಯಿತು. ನಮ್ಮವರು ಎದ್ದು ಮೆಷಿನ್ನಿಗೆ ಎಣ್ಣೆ ಬಿಟ್ಟರು. ಇಸ್ತ್ರಿ ಮಾಡಿದ ಬಟ್ಟೆಗೆ ಮತ್ತೆ ಇಸ್ತ್ರಿ ಮಾಡಿದರು. ಅಡುಗೆಮನೆಗೆ ಬಂದು ಡಬ್ಬಗಳನ್ನು ಎತ್ತರದ ಪ್ರಕಾರ ಜೋಡಿಸಿ, ಉಪ್ಪು ಎಲ್ಲಿದೆಯೆಂದು ನನಗೇ ತಿಳಿಯದಂತೆ ಮಾಡಿದರು. ವಾಕಿಂಗ್ ಬಿಟ್ಟರು. ಊಟ ಅರ್ಧಕ್ಕಿಳಿಯಿತು. ಏನಾಯಿತು ಎಂದರೆ ಏನಿಲ್ಲ ಎನ್ನುವರು. ಚೀಲಗಳಿದ್ದಾಗ ಚೀಲಕ್ಕೆ ಬೈಯುತ್ತಿದ್ದೆ, ಈಗ ಅದಕ್ಕೂ ಗತಿಯಿಲ್ಲ.

ಒಂದು ಬೆಳಗ್ಗೆ ಅಮ್ಮ ಒಳಗಿನಿಂದ ಕರೆದಳು, ನನ್ನನ್ನಲ್ಲ.

“ಅಳಿಯಂದ್ರೇ, ಹಾಸಿಗೇಲಿ ಇಲ್ಲೊಂದು ಗಂಟಾಗಿದೆ ನೋಡಿ. ಸೊಂಟಕ್ಕೆ ಒತ್ತುತ್ತೆ.”

ಅವರು ಕನ್ನಡಕ ಹುಡುಕಿಕೊಂಡು ಓಡಿದರು. ಅಮ್ಮನನ್ನು ಕುರ್ಚಿಗೆ ಕೂರಿಸಿ, ಹಾಸಿಗೆಯ ಒಂದು ಮಗ್ಗುಲು ಬಿಚ್ಚಿ, ಒಳಗಿನದನ್ನೆಲ್ಲ ನೆಲಕ್ಕೆ ಸುರಿದು, ಒಂದೊಂದೇ ತುಂಡು ಬಿಡಿಸಿ, ಸಮ ಮಾಡಿ, ಮತ್ತೆ ತುಂಬಿ, ಮತ್ತೆ ಹೊಲಿಯುವಷ್ಟರಲ್ಲಿ ಸಂಜೆ. ಗುಡಿಸಿದ ಕೋಣೆಯ ತುಂಬ ಪುನಃ ಚಿಂದಿ, ದಾರ, ಧೂಳು. ಆ ರಾತ್ರಿ ಹೊಟ್ಟೆ ತುಂಬ ಉಂಡರು. ಎರಡು ದಿನಕ್ಕೆ ಮತ್ತೊಂದು ಗಂಟು, ಈ ಸಲ ಭುಜದ ಹತ್ತಿರ. ಆಮೇಲೆ ಮಂಡಿಯ ಹತ್ತಿರ. ಕಸಬರಿಗೆ ಹಿಡಿದೂ ಹಿಡಿದೂ ನನ್ನ ಸೊಂಟ ಮುರಿಯುವುದೊಂದು ಬಾಕಿ. ಹೊಲಿದವರು ಇಂಥ ಮಾಸ್ಟರ್, ಅದು ಹೇಗೆ ಗಂಟು ಕಟ್ಟುತ್ತದೋ ನೋಡೇಬಿಡುತ್ತೇನೆ ಎಂದು, ಅಮ್ಮ ಮತ್ತೆ ಗಂಟೆಂದು ಕರೆದ ದಿನ ಇವರು ದಾರ ತರಲು ಹೋದಾಗ ಹಾಸಿಗೆಯ ಮೇಲೆಲ್ಲ ಅಂಗೈ ಒತ್ತಿ ಆಡಿಸಿದೆ. ತಲೆಯಿಂದ ಕಾಲಿನವರೆಗೆ ಒಂದೇ ಸಮ. ಕಾಳಿನಷ್ಟೂ ಗಂಟಿರಲಿಲ್ಲ.

ಅಮ್ಮ ಕುರ್ಚಿಯಲ್ಲಿ ಕೂತು ನನ್ನನ್ನೇ ನೋಡುತ್ತಿದ್ದಳು.

“ಕೆಲಸ ಇಲ್ದೆ ಬಿದ್ಕೊಂಡಿರೋದು ಹೇಗಿರುತ್ತೆ ಅಂತ ನಂಗೆ ಗೊತ್ತು ಮಗಳೇ,” ಎಂದಳು. “ನೀನು ಸುಮ್ನಿರು.”

ಹೊರಗೆ ಚಪ್ಪಲಿ ಬಿಡುವ ಸದ್ದಾಯಿತು. ಆಗಷ್ಟೇ ಗುಡಿಸಿದ ನೆಲ ಕನ್ನಡಿಯಂತಿತ್ತು. ಅದನ್ನು ನೋಡಿದೆ, ಅಮ್ಮನನ್ನು ನೋಡಿದೆ. ಅಳು ಬಂತೋ ಸಿಟ್ಟು ಬಂತೋ ತಿಳಿಯಲಿಲ್ಲ, ಎರಡೂ ಬಂದಿರಬೇಕು. ನಮ್ಮವರು ದಬ್ಬಣಕ್ಕೆ ದಾರ ಪೋಣಿಸುತ್ತಾ ಒಳಗೆ ಬಂದರು. ಗಂಟು ಎಲ್ಲಿ ಎಂದು ಕೇಳಿದರು.

ಹಾಸಿಗೆಯ ನಟ್ಟನಡುವೆ, ಎಲ್ಲಕ್ಕಿಂತ ಸಪಾಟಾಗಿದ್ದ ಕಡೆ, ಸಿಟ್ಟಿನಿಂದಲೇ ಕೈ ಬಡಿದೆ.

“ಇಲ್ಲಿ ರೀ. ದೊಡ್ಡದೇ ಇದೆ. ಪೂರ್ತಿ ಬಿಚ್ಚಬೇಕಾಗುತ್ತೆ.”